ತಿಪ್ಪರಲಾಗ ಹಾಕಿದರೂ ಸಿಗದ ಅಂಕ

ಓಟದ ಸ್ಪರ್ಧೆಯಲ್ಲಿ ಗೆದ್ದವರು ಯಾರೆಂದು ಗಡಿಯಾರ ಹೇಳುತ್ತದೆ. ಉದ್ದಜಿಗಿತದಲ್ಲಿ ಅದನ್ನು ಅಳತೆಯ ಟೇಪು ಹೇಳುತ್ತದೆ. ಫುಟ್ಬಾಲಿನಲ್ಲಿ ಚೆಂಡು ಗೆರೆ ದಾಟಿತೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಆದರೆ ಚಳಿಗಾಲದ ಒಲಿಂಪಿಕ್ಸ್‌ನ ಫಿಗರ್ ಸ್ಕೇಟಿಂಗ್‌ನಲ್ಲಿ ಗೆಲುವನ್ನು ನಿರ್ಧರಿಸುವ ಇಂಥ ಸಾಧನ ಯಾವುದೂ ಇಲ್ಲ. ಅಲ್ಲಿ ಮಂಜುಗಡ್ಡೆಯ ಅಂಗಳದ ಬದಿಯಲ್ಲಿ ಸಾಲಾಗಿ ಕುಳಿತ ಒಂಬತ್ತು ಮಂದಿ, ಇದು ಚೆಂದ, ಅದು ಅಷ್ಟು ಚೆಂದವಲ್ಲ ಎಂದು ಅಂಕ ಹಾಕುತ್ತಾರೆ. ಸೌಂದರ್ಯಕ್ಕೆ ಅಂಕ ಕೊಡಬಹುದೇ? ಕೊಡುವುದಾದರೆ ಆ ಅಂಕ ಯಾರ ಕಣ್ಣಿನದು? ಕ್ರೀಡೆಯ ನೆಪದಲ್ಲಿ ಎದ್ದಿರುವ ಈ ಪ್ರಶ್ನೆ ನಿಜಕ್ಕೂ ಸಾಹಿತ್ಯದ್ದೂ ಹೌದು, ಸಮಾಜದ್ದೂ ಹೌದು. ಕಥೆ ಬರೆದು ವಿಮರ್ಶಕರ ಮುಂದಿಡುವ ನಮ್ಮಂಥವರಿಗೆ ಇದು ತೀರಾ ದೂರದ ವಿಷಯವಲ್ಲ. ಆದ್ದರಿಂದಲೇ 1998ರ ಫೆಬ್ರುವರಿ 20ರಂದು ಜಪಾನಿನ ನಗಾನೊದಲ್ಲಿ ನಡೆದ ಒಂದು ಪ್ರದರ್ಶನವನ್ನು ನಾವು ಇಲ್ಲಿ ಒಂದು ಕೃತಿಯನ್ನು ಓದುವಂತೆ ಓದಬಯಸುತ್ತೇವೆ.

ಆ ದಿನ ಮಹಿಳೆಯರ ವಿಭಾಗದ ಕೊನೆಯ ಸುತ್ತು. ಪ್ರತಿಯೊಬ್ಬರಿಗೂ ಸುಮಾರು ನಾಲ್ಕು ನಿಮಿಷ. ಫ್ರಾನ್ಸಿನ ಸುರ್ಯಾ ಬೊನಾಲಿ ಮಂಜುಗಡ್ಡೆಗೆ ಇಳಿದಾಗ ಆಕೆಗೆ 24 ವರ್ಷ. ಅದು ಆಕೆಯ ಮೂರನೆಯ ಒಲಿಂಪಿಕ್ಸ್. 1992ರ ಆಲ್ಬರ್ಟ್‌ವಿಲ್‌ನಲ್ಲಿ ಐದನೆಯ ಸ್ಥಾನ, 1994ರ ಲಿಲ್ಲೆಹ್ಯಾಮರ್‌ನಲ್ಲಿ ನಾಲ್ಕನೆಯ ಸ್ಥಾನ ಬಂದಿತ್ತು. ನಗಾನೊದಲ್ಲಿ ಮೊದಲ ಸುತ್ತಿನ ನಂತರ ಆರನೆಯವಳಾಗಿದ್ದಳು. ಎರಡು ವರ್ಷಗಳ ಹಿಂದೆ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಹರಿದುಹೋಗಿತ್ತು. ಅಂದೂ ಕಾಲು ಸಹಕರಿಸುತ್ತಿರಲಿಲ್ಲ. ಪದಕ ಸಿಗುವುದಿಲ್ಲವೆಂಬುದು ಆಕೆಗೂ ಗೊತ್ತಿತ್ತು, ನೋಡುವವರಿಗೂ ಗೊತ್ತಿತ್ತು. ಆಗ ಆಕೆ ಹಿಮ್ಮುಖವಾಗಿ ವೇಗ ಪಡೆದು, ಗಾಳಿಯಲ್ಲಿ ಹಿಂದಕ್ಕೆ ಒಂದು ತಿಪ್ಪರಲಾಗ ಹಾಕಿದಳು. ಎರಡೂ ಪಾದಗಳ ಮೇಲಲ್ಲ, ಒಂದೇ ಕಾಲಿನ ಒಂದೇ ಅಲಗಿನ ಮೇಲೆ ಇಳಿದಳು. ಪ್ರದರ್ಶನ ಮುಗಿದಾಗ ತೀರ್ಪುಗಾರರಿಗೆ ಬೆನ್ನು ಹಾಕಿ ನಿಂತು ಪ್ರೇಕ್ಷಕರಿಗೆ ನಮಿಸಿದಳು. ಕೊನೆಗೆ ಸಿಕ್ಕಿದ್ದು ಹತ್ತನೆಯ ಸ್ಥಾನ. ಅಂದು ಚಿನ್ನ ಗೆದ್ದದ್ದು 15ರ ಹರೆಯದ ಅಮೆರಿಕದ ತಾರಾ ಲಿಪಿನ್‌ಸ್ಕಿ. ಆದರೆ ಇಷ್ಟು ವರ್ಷಗಳ ನಂತರವೂ ಜನ ಮತ್ತೆ ಮತ್ತೆ ನೋಡುವುದು ಹತ್ತನೆಯವಳ ಆ ಒಂದು ಲಾಗವನ್ನು.

ಈ ಲಾಗದ ಅರ್ಥ ತಿಳಿಯಬೇಕಾದರೆ ಅದು ನಿಷಿದ್ಧವಾಗಿದ್ದೇಕೆ ಎಂಬುದನ್ನು ಮೊದಲು ತಿಳಿಯಬೇಕು. 1976ರ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟೆರಿ ಕುಬಿಕಾ ಎಂಬಾತ ಮೊದಲ ಬಾರಿಗೆ ಇದನ್ನು ಮಾಡಿ ತೋರಿಸಿದ. ಅದರ ಬೆನ್ನಲ್ಲೇ ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಅದನ್ನು ಸ್ಪರ್ಧೆಗಳಲ್ಲಿ ನಿಷೇಧಿಸಿತು. ಕಾರಣಗಳಾಗಿ ಎರಡು ಮಾತು ಕೇಳಿಬಂದವು. ಮೊದಲನೆಯದು ಅಪಾಯ. ತಲೆ ಕೆಳಗಾಗಿ ಮಂಜುಗಡ್ಡೆಗೆ ಬಡಿದರೆ ಪ್ರಾಣವೇ ಹೋಗಬಹುದು. ಇದು ನ್ಯಾಯವಾದ ಮಾತು. ಎರಡನೆಯದು ವ್ಯಾಕರಣದ ಕಾರಣ. ಫಿಗರ್ ಸ್ಕೇಟಿಂಗ್‌ನ ಜಿಗಿತಗಳೆಲ್ಲ ಒಂದೇ ಕಾಲಿನ ಅಲಗಿನ ಅಂಚಿನ ಮೇಲೆ ಇಳಿಯಬೇಕು. ಆ ಒಂದು ಅಂಚು ದೇಹದ ಭಾರವನ್ನು ಹೊತ್ತು ಹಿಂದಕ್ಕೆ ಜಾರುತ್ತಾ ಹೋಗುವುದೇ ಈ ಕಲೆಯ ಜೀವಾಳ. ಲಾಗ ಹಾಕಿದವರು ಎರಡೂ ಕಾಲೂರಿ ಇಳಿಯುತ್ತಾರೆ, ಆದ್ದರಿಂದ ಅದು ಸರ್ಕಸ್ಸಿನದು, ಸ್ಕೇಟಿಂಗಿನದಲ್ಲ ಎಂಬುದು ಆ ವಾದ.

ನಗಾನೊದ ಪ್ರದರ್ಶನದ ಮಹತ್ವ ಇರುವುದು ಇಲ್ಲೇ ಎಂದು ನಮಗನಿಸುತ್ತದೆ. ಬೊನಾಲಿ ಸುಮ್ಮನೆ ನಿಯಮ ಮುರಿಯಲಿಲ್ಲ. ಸುಮ್ಮನೆ ಮುರಿಯುವುದಾಗಿದ್ದರೆ ಎರಡು ಕಾಲಲ್ಲಿ ಇಳಿದರೂ ಸಾಕಿತ್ತು, ನೋಯುವ ಕಾಲಿಗೆ ಅದೇ ಸುಲಭವಾಗಿತ್ತು. ಆಕೆ ಒಂದು ಕಾಲಿನಲ್ಲಿ ಇಳಿಯುವ ಮೂಲಕ, ‘ನಿಮ್ಮ ವ್ಯಾಕರಣದಲ್ಲೇ ಉತ್ತರ ಕೊಡಬಲ್ಲೆ, ಈಗೇನು ಹೇಳುತ್ತೀರಿ?’ ಎಂದು ಕೇಳಿದಂತಿತ್ತು. ಛಂದಸ್ಸು ಬಾರದೆ ಛಂದಸ್ಸು ಮುರಿಯುವವನಿಗೂ, ಛಂದಸ್ಸನ್ನು ಅರಗಿಸಿಕೊಂಡು ಮುರಿಯುವವನಿಗೂ ಅಂತರವಿದೆ. ಮೊದಲನೆಯವನನ್ನು ತಿದ್ದಬಹುದು. ಎರಡನೆಯವನ ಮುಂದೆ ನಿಯಮವೇ ತನ್ನನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ನಿಯಮ ಅಂದು ತನ್ನನ್ನು ಸಮರ್ಥಿಸಿಕೊಳ್ಳಲಿಲ್ಲ, ಅಂಕ ಕಡಿತ ಮಾಡಿ ಸುಮ್ಮನಾಯಿತು.

ಯಾರು ಈ ಸುರ್ಯಾ? ಹುಟ್ಟಿದ್ದು 1973ರ ಡಿಸೆಂಬರಿನಲ್ಲಿ, ಫ್ರಾನ್ಸಿನ ನೀಸ್ ನಗರದಲ್ಲಿ. ಕೂಸಾಗಿದ್ದಾಗಲೇ ಬೊನಾಲಿ ದಂಪತಿ ಆಕೆಯನ್ನು ದತ್ತು ಪಡೆದರು. ಬಿಳಿಯ ತಂದೆತಾಯಿಯ ಮನೆಯಲ್ಲಿ ಬೆಳೆದ ಕಪ್ಪು ಹುಡುಗಿ. ತಾಯಿ ಸುಜಾನ್ ವ್ಯಾಯಾಮ ಶಿಕ್ಷಕಿ. ಹೆಸರು ನಮಗೆ ಪರಿಚಿತವಾದ ಸಂಸ್ಕೃತದ ‘ಸೂರ್ಯ’ನೇ. ಸ್ಕೇಟಿಂಗಿಗೆ ಬರುವ ಮೊದಲು ಜಿಮ್ನಾಸ್ಟಿಕ್ಸ್‌ನಲ್ಲಿ ಪಳಗಿದ್ದರಿಂದ ಲಾಗ ಹಾಕುವುದು ಆಕೆಗೆ ನೀರು ಕುಡಿದಷ್ಟು ಸಲೀಸು. ಆದರೆ ಆರಂಭದ ದಿನಗಳಲ್ಲಿ ಪತ್ರಿಕೆಗಳು ಬರೆದದ್ದು ಬೇರೆಯೇ ಕಥೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದ ಕಡಲತೀರದಲ್ಲಿ, ತೆಂಗಿನಕಾಯಿಗಳ ನಡುವೆ ಬಿಟ್ಟುಹೋದ ಕೂಸು ಎಂದು! ಅದನ್ನು ಹಬ್ಬಿಸಿದ್ದು ಆಗಿನ ತರಬೇತುದಾರ ದಿದಿಯೆ ಗೆಲಗೆ. ಹೆತ್ತ ತಾಯಿಯ ಮೂಲ ರಿಯೂನಿಯನ್ ಎಂಬುದಷ್ಟೇ ಅದರಲ್ಲಿದ್ದ ನಿಜ. ಉಳಿದದ್ದೆಲ್ಲ ಕಟ್ಟುಕಥೆಯೆಂದು ಆಮೇಲೆ ಬಯಲಾಯಿತು.

ಕಥೆಗಾರರಾದ ನಮಗೆ ಈ ಕಟ್ಟುಕಥೆ ಬಹಳ ಮುಖ್ಯವೆನಿಸುತ್ತದೆ. ನೀಸ್ ಪಟ್ಟಣದಲ್ಲಿ ಹುಟ್ಟಿ ಬೆಳೆದ ಫ್ರೆಂಚ್ ಹುಡುಗಿ ಎಂದು ಹೇಳಿದ್ದರೆ ಸಾಕಾಗುತ್ತಿರಲಿಲ್ಲವೇ? ಸಾಕಾಗುತ್ತಿರಲಿಲ್ಲ ಎಂದು ಆ ತರಬೇತುದಾರನಿಗೆ ಅನಿಸಿತು. ಕಪ್ಪು ದೇಹವೊಂದು ಮಂಜುಗಡ್ಡೆಯ ಮೇಲೆ ಇರುವುದಕ್ಕೆ ಒಂದು ವಿಚಿತ್ರ ಕಾರಣ ಬೇಕಿತ್ತು. ಅದು ಎಲ್ಲಿಂದಲೋ ಬಂದದ್ದಾಗಿರಬೇಕು, ಇಲ್ಲಿಯದಾಗಿರಬಾರದು. ಅಂಥ ಕಥೆ ಮಾರಾಟವಾಗುತ್ತದೆ, ಆದರೆ ಅದರ ಬೆಲೆ ತೆರುವವರು ಬೇರೆ. ‘ಕಾಡಿನ ಚೈತನ್ಯ’ವೆಂದು ಪರಿಚಯಿಸಿಕೊಂಡವಳು ಆಮೇಲೆ ‘ನಯ, ನಾಜೂಕು’ ಎಂಬ ಅಂಕ ಕೇಳಿದರೆ ಯಾರು ಕೊಡುತ್ತಾರೆ? ಆಕೆಯ ಬದುಕಿನ ಮೊದಲ ಅಧ್ಯಾಯವನ್ನು ಬೇರೆಯವರು ಬರೆದರು, ಉಳಿದ ಅಧ್ಯಾಯಗಳನ್ನು ತೀರ್ಪುಗಾರರು ಆ ಮೊದಲ ಅಧ್ಯಾಯದ ಬೆಳಕಿನಲ್ಲಿ ಓದಿರಲೂಬಹುದು.

ಆಗಿನ ಅಂಕಪದ್ಧತಿಯನ್ನು ಸ್ವಲ್ಪ ವಿವರಿಸುವುದು ಅಗತ್ಯ. ಪ್ರತಿ ತೀರ್ಪುಗಾರ ಗರಿಷ್ಠ 6.0ರ ಲೆಕ್ಕದಲ್ಲಿ ಎರಡು ಅಂಕ ಕೊಡುತ್ತಿದ್ದ. ಒಂದು ತಾಂತ್ರಿಕ ಸಾಮರ್ಥ್ಯಕ್ಕೆ, ಇನ್ನೊಂದು ಪ್ರಸ್ತುತಿಗೆ. ಒಬ್ಬ ತೀರ್ಪುಗಾರನ ಲೆಕ್ಕದಲ್ಲಿ ಇಬ್ಬರ ಒಟ್ಟು ಸಮವಾದರೆ, ಕೊನೆಯ ಸುತ್ತಿನಲ್ಲಿ ಎರಡನೆಯ ಅಂಕವೇ ನಿರ್ಣಾಯಕ. ಅಂದರೆ ಅಂತಿಮ ಮಾತು ಸೌಂದರ್ಯದ್ದು. ಬೊನಾಲಿಗೆ ಮೊದಲನೆಯ ಅಂಕ ಸಾಮಾನ್ಯವಾಗಿ ಚೆನ್ನಾಗಿಯೇ ಬರುತ್ತಿತ್ತು. ತೊಡಕಾಗುತ್ತಿದ್ದುದು ಎರಡನೆಯದರಲ್ಲಿ. ಆಕೆಯ ಬಗ್ಗೆ ಬಳಕೆಯಾಗುತ್ತಿದ್ದ ಪದಗಳೇ ಇದನ್ನು ಹೇಳುತ್ತವೆ: ಶಕ್ತಿ, ಕಸುವು, ಮಾಂಸಖಂಡ. ಬೇರೆಯವರಿಗೆ ಲಾಲಿತ್ಯ, ಸೊಬಗು. ಕನ್ನಡದಲ್ಲಿ ಬಂಡಾಯದ ಬರಹಗಳಿಗೆ ‘ಕಸುವೇನೋ ಇದೆ, ಕಲೆ ಸಾಲದು’ ಎಂದ ವಿಮರ್ಶೆಯನ್ನು ಓದಿ ಬೆಳೆದ ನಮಗೆ ಈ ಭಾಷೆ ಹೊಸದಲ್ಲ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಅನ್ಯಾಯದ ಕಥೆಯನ್ನು ಹೇಳುವ ಉತ್ಸಾಹದಲ್ಲಿ ಕೃತಿಯ ದೋಷಗಳನ್ನು ಮುಚ್ಚಿಡುವುದು ವಿಮರ್ಶೆಯಲ್ಲ, ವಕಾಲತ್ತು. ಬೊನಾಲಿಯ ಸ್ಕೇಟಿಂಗ್‌ನಲ್ಲಿ ನಿಜವಾದ ಕೊರತೆಗಳಿದ್ದವು. ಒಂದು ಜಿಗಿತದಿಂದ ಇನ್ನೊಂದಕ್ಕೆ ಹೋಗುವ ನಡುವಿನ ದಾರಿ ಬರಿದಾಗಿರುತ್ತಿತ್ತು. ಅಲಗಿನ ಅಂಚುಗಳ ಮೇಲಿನ ಹಿಡಿತ ಆಕೆಯ ಜಿಗಿತಗಳಷ್ಟು ಆಳವಾಗಿರಲಿಲ್ಲ. 1992ರಲ್ಲಿ, ಅದುವರೆಗೆ ಒಲಿಂಪಿಕ್ಸ್‌ನಲ್ಲಿ ಯಾವ ಮಹಿಳೆಗೂ ಸಾಧ್ಯವಾಗಿರದ ನಾಲ್ಕು ಸುತ್ತಿನ ಜಿಗಿತಕ್ಕೆ ಧೈರ್ಯ ಮಾಡಿದಳು, ಆದರೆ ಸುತ್ತು ಪೂರ್ತಿಯಾಗಲಿಲ್ಲ. ಅಲ್ಲದೆ ಈ ವ್ಯವಸ್ಥೆ ಆಕೆಗೆ ಏನೂ ಕೊಡಲಿಲ್ಲವೆನ್ನುವಂತೆಯೂ ಇಲ್ಲ. 1991ರಿಂದ 1995ರವರೆಗೆ ಸತತ ಐದು ಬಾರಿ ಯುರೋಪಿನ ಚಾಂಪಿಯನ್, 1993, 1994, 1995ರಲ್ಲಿ ಸತತ ಮೂರು ಬಾರಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ. ಕೇವಲ ಬಣ್ಣ ನೋಡಿ ಹೊರಗಿಟ್ಟರು ಎಂಬ ಸರಳ ವಾಕ್ಯ ಈ ಪಟ್ಟಿಯ ಮುಂದೆ ನಿಲ್ಲುವುದಿಲ್ಲ.

ಹಾಗಾದರೆ ಅನ್ಯಾಯ ಎಲ್ಲಿದೆ? 1994ರ ವಿಶ್ವ ಚಾಂಪಿಯನ್‌ಶಿಪ್ ಜಪಾನಿನ ಚಿಬಾದಲ್ಲಿ ನಡೆಯಿತು. ಒಂಬತ್ತರಲ್ಲಿ ಐವರು ತೀರ್ಪುಗಾರರು ಆತಿಥೇಯ ದೇಶದ ಯುಕಾ ಸಾತೊ ಪರ, ನಾಲ್ವರು ಬೊನಾಲಿ ಪರ. ಸಾತೊಳ ಪಾದಗಳ ಚಲನೆ ಎಷ್ಟು ಮೃದು, ಎಷ್ಟು ನಿಖರವಾಗಿತ್ತೆಂದರೆ ಆ ತೀರ್ಪು ತಪ್ಪೆಂದು ನಾವು ಹೇಳಲಾರೆವು. ಸರಿಯೆಂದೂ ಖಚಿತವಾಗಿ ಹೇಳಲಾರೆವು. ತೊಂದರೆ ಇರುವುದೇ ಅಲ್ಲಿ. ಬೊನಾಲಿ ಮೊದಲು ವೇದಿಕೆ ಹತ್ತಲು ನಿರಾಕರಿಸಿದಳು, ಆಮೇಲೆ ಕೊರಳಿಗೆ ಹಾಕಿದ ಬೆಳ್ಳಿ ಪದಕವನ್ನು ತೆಗೆದುಬಿಟ್ಟಳು. ಪ್ರೇಕ್ಷಕರು ಕೂಗಿ ಅಣಕಿಸಿದರು, ಆಕೆ ಅತ್ತಳು. ಕ್ರೀಡಾಮನೋಭಾವ ಇಲ್ಲದವಳು ಎಂಬ ಪಟ್ಟ ಬಂತು. ಸಾತೊಳ ಸಂತೋಷದ ಗಳಿಗೆಯನ್ನು ಅದು ಕದಡಿತು ಎಂಬುದು ನಿಜ, ಅದನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಗಮನಿಸಬೇಕಾದ ಒಂದು ಮಾತಿದೆ. ಕಾರಣ ತಿಳಿಯದೆ ಸೋಲುವವರು ಮುಂದಿನ ಬಾರಿ ಏನನ್ನು ತಿದ್ದಿಕೊಳ್ಳಬೇಕು? ಜಿಗಿತ ಕಡಿಮೆಯಾಯಿತೆಂದರೆ ಇನ್ನಷ್ಟು ಅಭ್ಯಾಸ ಮಾಡಬಹುದು. ‘ನಮ್ಮ ಕಣ್ಣಿಗೆ ಹಿಡಿಸಲಿಲ್ಲ’ ಎಂದರೆ ಮಾಡುವುದೇನು? ತಿಪ್ಪರಲಾಗ ಹಾಕಿದರೂ ಆಗದು ಎನ್ನುತ್ತೇವಲ್ಲ, ಆ ಮಾತು ಬೊನಾಲಿಯ ವಿಷಯದಲ್ಲಿ ಅಕ್ಷರಶಃ ನಿಜವಾಯಿತು.

ಈ ‘ಕಣ್ಣಿಗೆ ಹಿಡಿಸುವಿಕೆ’ಗೂ ಒಂದು ಚರಿತ್ರೆಯಿದೆ. 1902ರಲ್ಲಿ ಇಂಗ್ಲೆಂಡಿನ ಮ್ಯಾಜ್ ಸೈಯರ್ಸ್ ಎಂಬಾಕೆ ಗಂಡಸರೇ ಇದ್ದ ವಿಶ್ವ ಚಾಂಪಿಯನ್‌ಶಿಪ್‌ಗೆ ಹೆಸರು ಕೊಟ್ಟಳು. ಹೆಂಗಸರು ಬರಬಾರದೆಂದು ನಿಯಮದಲ್ಲಿ ಎಲ್ಲೂ ಬರೆದಿರಲಿಲ್ಲ. ಹಾಗೆ ಬರೆಯಬೇಕಾದೀತೆಂದು ಯಾರೂ ಯೋಚಿಸಿರಲಿಲ್ಲ. ಆಕೆ ಎರಡನೆಯ ಸ್ಥಾನ ಪಡೆದಳು. ಮರುವರ್ಷವೇ ಒಕ್ಕೂಟ ಹೆಂಗಸರನ್ನು ಹೊರಗಿಟ್ಟಿತು. ಉದ್ದನೆಯ ಲಂಗದಿಂದಾಗಿ ಪಾದಗಳು ತೀರ್ಪುಗಾರರಿಗೆ ಕಾಣುವುದಿಲ್ಲ ಎಂಬುದು ಹೇಳಿದ ಕಾರಣಗಳಲ್ಲೊಂದು. ಅದೇ ಸೈಯರ್ಸ್ 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ವಿಭಾಗದ ಮೊದಲ ಚಿನ್ನ ಗೆದ್ದಳು. ಒಂದು ಕಾಲಕ್ಕೆ ಲಂಗ ಉದ್ದವಾಯಿತೆಂದು ಆಕ್ಷೇಪಿಸಿದ ಒಕ್ಕೂಟ, ಇನ್ನೊಂದು ಕಾಲಕ್ಕೆ ಲಂಗ ಇರಲೇಬೇಕೆಂದಿತು. ಮಹಿಳೆಯರು ಪ್ಯಾಂಟ್ ಧರಿಸಿ ಸ್ಪರ್ಧಿಸಲು ಅನುಮತಿ ಸಿಕ್ಕಿದ್ದು 2004ರಲ್ಲಿ. 2012ರಲ್ಲಿ ಅರಬ್ ಎಮಿರೇಟ್ಸ್‌ನ ಜಹ್ರಾ ಲಾರಿ ಇಟಲಿಯ ಸ್ಪರ್ಧೆಯೊಂದರಲ್ಲಿ ತಲೆವಸ್ತ್ರ ಧರಿಸಿ ಆಡಿದಾಗ ಅಂಕ ಕಡಿತವಾಯಿತು. ಆಕೆ ಪಟ್ಟುಬಿಡದೆ ತನ್ನ ವಾದ ಮಂಡಿಸಿದ ಮೇಲೆ ಒಕ್ಕೂಟ ತನ್ನ ನಿಲುವು ಬದಲಿಸಿತು. ಅಮೆರಿಕದಲ್ಲಿ 1930ರ ದಶಕದಲ್ಲಿ ಮೇಬಲ್ ಫೇರ್‌ಬ್ಯಾಂಕ್ಸ್ ಎಂಬ ಕಪ್ಪು ಹುಡುಗಿಗೆ ಬಣ್ಣದ ಕಾರಣಕ್ಕೆ ಸ್ಕೇಟಿಂಗ್ ಕ್ಲಬ್ಬುಗಳ ಬಾಗಿಲು ಮುಚ್ಚಿತ್ತು. ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕಪ್ಪು ಕ್ರೀಡಾಪಟುವೊಬ್ಬರು ಮೊದಲ ಪದಕ ಗೆದ್ದದ್ದು 1988ರ ಕ್ಯಾಲ್ಗರಿಯಲ್ಲಿ, ಡೆಬಿ ಥಾಮಸ್ ಅವರ ಕಂಚು. ‘ಪ್ರಸ್ತುತಿ’ ಎಂಬ ಅಂಕದೊಳಗೆ ಈ ಚರಿತ್ರೆಯೆಲ್ಲ ಕುಳಿತಿರುತ್ತದೆ. ತೀರ್ಪುಗಾರ ಕೆಟ್ಟವನಾಗಿರಬೇಕಿಲ್ಲ. ಅವನ ಕಣ್ಣು ಪಳಗಿದ ರೀತಿಯೇ ಸಾಕು.

ಇನ್ನು ಕಣ್ಣಿನ ಪ್ರಶ್ನೆಯಷ್ಟೇ ಅಲ್ಲ, ಕೈಯ ಪ್ರಶ್ನೆಯೂ ಇತ್ತೆಂದು 2002ರಲ್ಲಿ ಜಗತ್ತಿಗೆ ಗೊತ್ತಾಯಿತು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಜೋಡಿ ಸ್ಪರ್ಧೆ. ರಷ್ಯಾದ ಬೆರೆಜ್ನಯಾ ಮತ್ತು ಸಿಖರುಲಿಜೆ ಜೋಡಿಯಲ್ಲಿ ಸಿಖರುಲಿಜೆ ಒಂದು ಜಿಗಿತದಲ್ಲಿ ಎಡವಿದ. ಕೆನಡಾದ ಸಾಲೆ ಮತ್ತು ಪೆಲ್ಟಿಯೆ ಜೋಡಿ ತಪ್ಪಿಲ್ಲದೆ ಆಡಿತು. ಆದರೂ ಐದಕ್ಕೆ ನಾಲ್ಕರ ಲೆಕ್ಕದಲ್ಲಿ ಚಿನ್ನ ರಷ್ಯಾಕ್ಕೆ ಹೋಯಿತು. ಫ್ರಾನ್ಸಿನ ತೀರ್ಪುಗಾರ್ತಿ ಮರಿ-ರೇನ್ ಲ ಗೂನ್ ತನ್ನ ಮೇಲೆ ಒತ್ತಡವಿತ್ತೆಂದು ಹೇಳಿದರು. ಐಸ್ ಡಾನ್ಸ್ ವಿಭಾಗದಲ್ಲಿ ಫ್ರೆಂಚ್ ಜೋಡಿಗೆ ನೆರವು ಸಿಗಲೆಂದು ಇಲ್ಲಿ ರಷ್ಯಾಕ್ಕೆ ಮತ ಹಾಕಿಸಲಾಯಿತೆಂಬುದು ಆರೋಪ. ಆಮೇಲೆ ಅವರು ಮಾತು ಬದಲಿಸಿದರು. ಒತ್ತಡ ಹೇರಿದವರೆಂದು ಹೆಸರಿಸಲ್ಪಟ್ಟ ಫ್ರೆಂಚ್ ಒಕ್ಕೂಟದ ಅಧ್ಯಕ್ಷರು ಅದನ್ನು ನಿರಾಕರಿಸಿದರು. ಇಬ್ಬರಿಗೂ ಮೂರು ವರ್ಷಗಳ ಅಮಾನತು ಶಿಕ್ಷೆಯಾಯಿತು, ಕೆನಡಾದ ಜೋಡಿಗೂ ಇನ್ನೊಂದು ಚಿನ್ನ ಕೊಡಲಾಯಿತು. ಆ ಅಧ್ಯಕ್ಷರು ಯಾರು? ದಿದಿಯೆ ಗೆಲಗೆ. ತೆಂಗಿನಕಾಯಿಗಳ ನಡುವಿನ ಕೂಸಿನ ಕಥೆ ಹೇಳಿದ ಅದೇ ತರಬೇತುದಾರ. ಕಥೆಯಲ್ಲಿ ಇಂಥ ಕಾಕತಾಳೀಯವನ್ನು ಬರೆದರೆ ಸಂಪಾದಕರು ನಂಬಲಾರರು.

ಈ ಹಗರಣದಿಂದ ಹಳೆಯ 6.0 ಪದ್ಧತಿ ಬಿದ್ದುಹೋಯಿತು. 2004ರಲ್ಲಿ ಹೊಸ ಪದ್ಧತಿ ಬಂತು. ಪ್ರತಿ ಜಿಗಿತಕ್ಕೂ, ಪ್ರತಿ ಗಿರಕಿಗೂ ಮೊದಲೇ ನಿಗದಿಯಾದ ಮೂಲ ಅಂಕ. ಅದನ್ನು ಎಷ್ಟು ಚೆನ್ನಾಗಿ ಮಾಡಿದರೆಂಬುದಕ್ಕೆ ಕೂಡುವ ಅಥವಾ ಕಳೆಯುವ ಅಂಕ. ಜೊತೆಗೆ ಒಟ್ಟು ಪ್ರದರ್ಶನದ ಗುಣಕ್ಕೆ ಬೇರೆ ಅಂಕ. ಸೋತವರಿಗೆ ತಾವು ಎಲ್ಲಿ ಸೋತೆವೆಂದು ಕಾಗದದ ಮೇಲೆ ಕಾಣುವಂತಾಯಿತು. ಇದು ದೊಡ್ಡ ಸುಧಾರಣೆ, ಅಲ್ಲಗಳೆಯುವಂತಿಲ್ಲ. ಆದರೆ ಅದರ ಜೊತೆಗೇ ಯಾವ ಅಂಕ ಯಾವ ತೀರ್ಪುಗಾರನದೆಂಬುದನ್ನು ಗುಟ್ಟಾಗಿಡುವ ವ್ಯವಸ್ಥೆಯೂ ಬಂತು. ಹೆಸರು ಗೊತ್ತಾಗದಿದ್ದರೆ ಒತ್ತಡ ಹೇರಲು ಸಾಧ್ಯವಾಗುವುದಿಲ್ಲ ಎಂಬುದು ಅದರ ತರ್ಕ. ಕಳವು ನಡೆದ ಮನೆಯಲ್ಲಿ ದೀಪ ಆರಿಸಿದಂತಾಯಿತು ಇದು! ಈ ಗುಟ್ಟನ್ನು ಕೊನೆಗೊಳಿಸುವ ನಿರ್ಧಾರವಾಗಲು 2016ರವರೆಗೆ ಕಾಯಬೇಕಾಯಿತು.

ಹೊಸ ಪದ್ಧತಿ ಇನ್ನೊಂದು ಪ್ರಶ್ನೆಯನ್ನೂ ಹುಟ್ಟುಹಾಕಿತು. ಪ್ರತಿ ಸುತ್ತಿಗೂ ಬೆಲೆ ನಿಗದಿಯಾದ ಮೇಲೆ ಹೆಚ್ಚು ಸುತ್ತು ಯಾರಿಗೆ ಸಾಧ್ಯವೋ ಅವರಿಗೆ ಮೇಲುಗೈ. ಗಾಳಿಯಲ್ಲಿ ವೇಗವಾಗಿ ತಿರುಗಲು ಹಗುರವಾದ, ಸಣ್ಣ, ಇನ್ನೂ ಬೆಳೆಯದ ದೇಹ ಅನುಕೂಲ. ಅಂದರೆ ಮಕ್ಕಳ ದೇಹ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ರಷ್ಯಾದ ಕಮಿಲಾ ವಲಿಯೆವಾ ನಾಲ್ಕು ಸುತ್ತಿನ ಜಿಗಿತವನ್ನು ಪೂರೈಸಿದಳು. ಒಲಿಂಪಿಕ್ಸ್‌ನಲ್ಲಿ ಮಹಿಳೆಯೊಬ್ಬಳು ಅದನ್ನು ಸಾಧಿಸಿದ್ದು ಅದೇ ಮೊದಲು. ಬೊನಾಲಿಯ ಪ್ರಯತ್ನದ ಮೂವತ್ತು ವರ್ಷಗಳ ನಂತರ. ‘ಮಹಿಳೆ’ ಎಂದೆವು, ಆಕೆಗೆ ಆಗ 15 ವರ್ಷ. ಮರುದಿನವೇ ಗೊತ್ತಾಯಿತು, 2021ರ ಡಿಸೆಂಬರ್ 25ರಂದು ಪಡೆದ ಆಕೆಯ ಮಾದರಿಯಲ್ಲಿ ಟ್ರೈಮೆಟಾಜಿಡಿನ್ ಎಂಬ ಹೃದ್ರೋಗದ ಔಷಧಿಯ ಅಂಶವಿತ್ತೆಂದು. ಆದರೂ ವೈಯಕ್ತಿಕ ಸ್ಪರ್ಧೆಗೆ ಇಳಿಯಲು ಅನುಮತಿ ಸಿಕ್ಕಿತು. ಜಗತ್ತಿನ ಕ್ಯಾಮೆರಾಗಳ ಮುಂದೆ ಆ ಹುಡುಗಿ ಬಿದ್ದಳು, ಮತ್ತೆ ಬಿದ್ದಳು, ನಾಲ್ಕನೆಯವಳಾದಳು. 2024ರ ಜನವರಿಯಲ್ಲಿ ಕ್ರೀಡಾ ನ್ಯಾಯಮಂಡಳಿ ಆಕೆಗೆ ನಾಲ್ಕು ವರ್ಷಗಳ ನಿಷೇಧ ವಿಧಿಸಿತು. ಹದಿನೈದರ ಮಗುವಿನ ಕೈಗೆ ಔಷಧಿ ಬರುವ ದಾರಿಯಲ್ಲಿ ದೊಡ್ಡವರು ಎಷ್ಟು ಮಂದಿ ಇದ್ದಿರಬೇಕು ಎಂದು ಕೇಳಬೇಕಾದದ್ದು ಸಹಜ. ಬೀಜಿಂಗ್ ನಂತರ ಒಕ್ಕೂಟ ಹಿರಿಯರ ಸ್ಪರ್ಧೆಗೆ ಕನಿಷ್ಠ ವಯಸ್ಸನ್ನು ಹಂತಹಂತವಾಗಿ 17ಕ್ಕೆ ಏರಿಸಿತು.

ಹೀಗೆ ಒಂದು ಕಡೆ ಕಾರಣ ಹೇಳದ ಸೌಂದರ್ಯ, ಇನ್ನೊಂದು ಕಡೆ ಕರುಣೆಯಿಲ್ಲದ ಲೆಕ್ಕ. ಮೊದಲನೆಯದರಿಂದ ತಪ್ಪಿಸಿಕೊಳ್ಳಲು ಎರಡನೆಯದಕ್ಕೆ ಶರಣಾದರೆ ನ್ಯಾಯ ಸಿಗುತ್ತದೆಂಬುದು ಭ್ರಮೆ. ಅಂಕಪಟ್ಟಿ ಎಷ್ಟೇ ಉದ್ದವಾದರೂ ಅದನ್ನು ತುಂಬುವುದು ಮನುಷ್ಯನ ಕಣ್ಣೇ. ಯಾವುದಕ್ಕೆ ಎಷ್ಟು ಬೆಲೆ ಎಂದು ಮೊದಲು ನಿರ್ಧರಿಸಿದ್ದೂ ಮನುಷ್ಯರೇ.

ನಗಾನೊದ ಲಾಗಕ್ಕೆ ಉತ್ತರಭಾಗವೊಂದಿದೆ. 2024ರ ಜನವರಿಯಲ್ಲಿ ಫ್ರಾನ್ಸಿನವನೇ ಆದ ಆಡಂ ಸ್ಯಾವೊ ಹಿಮ್ ಫಾ ಯುರೋಪಿಯನ್ ಚಾಂಪಿಯನ್‌ಶಿಪ್‌ನಲ್ಲಿ ನಿಷಿದ್ಧ ಲಾಗ ಹಾಕಿದ. ಎರಡು ಅಂಕ ಕಳೆದುಕೊಂಡ, ಆದರೂ ಚಿನ್ನ ಗೆದ್ದ. ಅದೇ ವರ್ಷದ ಜೂನ್‌ನಲ್ಲಿ ಒಕ್ಕೂಟ ನಿಷೇಧವನ್ನು ತೆಗೆದುಹಾಕಿತು. 2026ರ ಫೆಬ್ರುವರಿಯಲ್ಲಿ ಮಿಲಾನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಇಲಿಯಾ ಮಲಿನಿನ್ ಲಾಗ ಹಾಕಿದಾಗ ಅಂಕ ಕಡಿತವಿರಲಿಲ್ಲ, ಚಪ್ಪಾಳೆಯಷ್ಟೇ ಇತ್ತು. 1976ರಲ್ಲಿ ಅಪಾಯಕಾರಿಯಾಗಿದ್ದದ್ದು 2024ರಲ್ಲಿ ಸುರಕ್ಷಿತವಾದದ್ದು ಹೇಗೆ? ಮಂಜುಗಡ್ಡೆಯೇನೂ ಮೆತ್ತಗಾಗಿಲ್ಲ. ಈ ಯುವಕರ ಸಾಹಸವನ್ನು ನಾವು ಮನಸಾರೆ ಮೆಚ್ಚುತ್ತೇವೆ. ಆದರೆ ಬಲಿಷ್ಠ ಗಂಡಸರು ಮಾಡಿದಾಗ ‘ಕ್ರೀಡೆಗೆ ಹೊಸ ಜೀವ’ ಎನಿಸಿದ್ದು, ಗಾಯಗೊಂಡ ಕಪ್ಪು ಹೆಣ್ಣೊಬ್ಬಳು ಮಾಡಿದಾಗ ‘ಉದ್ಧಟತನ’ ಎನಿಸಿತ್ತು ಎಂಬುದನ್ನು ಮರೆಯಬಾರದು.

ಬೊನಾಲಿಯನ್ನು ಬರೀ ಸಂಕೇತವಾಗಿಸುವುದರಲ್ಲೂ ಒಂದು ಅಪಾಯವಿದೆ. ತರಬೇತುದಾರ ಆಕೆಯನ್ನು ದ್ವೀಪದ ಕೂಸಾಗಿಸಿದ. ನಾವು ಪ್ರತಿರೋಧದ ಮೂರ್ತಿಯಾಗಿಸಿದರೆ ಅದೂ ಬೇರೆಯವರು ಬರೆದ ಇನ್ನೊಂದು ಕಥೆಯಾದೀತು. ಆಕೆ ಮೊದಲಿಗೆ ಒಬ್ಬ ಕಸಬುದಾರೆ. ನಗಾನೊದ ನಂತರ ಸ್ಪರ್ಧೆ ಬಿಟ್ಟು, ಅಂಕವೇ ಇಲ್ಲದ ಪ್ರದರ್ಶನ ತಂಡಗಳಲ್ಲಿ ವರ್ಷಗಟ್ಟಲೆ ಅದೇ ಲಾಗ ಹಾಕಿ ಜನರನ್ನು ಸಂತೋಷಪಡಿಸಿದಳು. ಅದು ಸಿಟ್ಟಿನಿಂದ ಒಮ್ಮೆ ಸಿಡಿದ ಕ್ರಿಯೆಯಷ್ಟೇ ಆಗಿರಲಿಲ್ಲ, ಆಕೆ ಬಹಳ ಚೆನ್ನಾಗಿ ಬಲ್ಲ, ಪ್ರೀತಿಸುವ ಒಂದು ವಿದ್ಯೆಯೂ ಆಗಿತ್ತು. ಆ ವಿದ್ಯೆಗೆ ಆ ಅಂಗಳದಲ್ಲಿ ಜಾಗವಿಲ್ಲವೆಂದಾಗ, ಇದ್ದಕ್ಕಿದ್ದ ಹಾಗೆ ಜಾಗ ಮಾಡಿಕೊಂಡಳು, ಅಷ್ಟೇ.

ಆದ್ದರಿಂದ ಈ ಪ್ರಸಂಗದಿಂದ ನಾವು ಕಲಿಯಬೇಕಾದದ್ದು ತೀರ್ಪುಗಾರರೇ ಬೇಡ ಎಂದಲ್ಲ. ತೀರ್ಪಿಲ್ಲದ ಕಲೆ ಬೆಳೆಯುವುದಿಲ್ಲ, ಮುಖಸ್ತುತಿಯಲ್ಲಿ ಕೊಳೆಯುತ್ತದೆ. ಬೇಕಾದದ್ದು ಮೂರು. ತೀರ್ಪು ಕೊಡುವವರ ಹೆಸರು ಕಾಣಬೇಕು. ಕೊಟ್ಟ ತೀರ್ಪಿಗೆ ಕಾರಣ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತನಗೆ ಒಗ್ಗದ್ದೊಂದು ಎದುರಾದಾಗ ‘ಇದರಲ್ಲಿ ಕೊರತೆಯಿದೆಯೋ, ನನ್ನ ಕಣ್ಣಿನಲ್ಲಿದೆಯೋ’ ಎಂದು ತೀರ್ಪುಗಾರ ಒಂದು ಕ್ಷಣ ತನ್ನನ್ನೇ ಕೇಳಿಕೊಳ್ಳಬೇಕು. ಇದು ಮಂಜುಗಡ್ಡೆಯ ಬದಿಯಲ್ಲಿ ಕುಳಿತವರಿಗೆ ಮಾತ್ರ ಹೇಳಿದ ಮಾತಲ್ಲ. ಪುಸ್ತಕಕ್ಕೆ ಬಹುಮಾನ ಕೊಡುವವರಿಗೂ, ತರಗತಿಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುವವರಿಗೂ, ಪಕ್ಕದ ಮನೆಯವರ ನಡೆನುಡಿಗೆ ಮನಸ್ಸಿನಲ್ಲೇ ಅಂಕ ಹಾಕುವ ನಮಗೆಲ್ಲರಿಗೂ ಸಲ್ಲುತ್ತದೆ.